ಎರಡೇ ಪ್ಲಾಟಿನ ಭೀಮಗೊಂಡ

ಚಿಕ್ಕೋಡಿಯ ಸಬ್ ರಜಿಸ್ಟ್ರಾರ್ ಕಚೇರಿಯ ಹೊರಗೆ, ತಗಡಿನ ಶೆಡ್ಡಿನ ಕೆಳಗೆ ಕೂತು ಮೂವತ್ತು ವರ್ಷ ಖರೀದಿ ಪತ್ರ ಬರೆದವನು ನಾನು. ಹೆಸರು ಮುರಗೆಪ್ಪ. ಎಂಥೆಂಥವರದೋ ಹೊಲ, ಮನೆ, ಜಾಗ ನನ್ನ ಅಕ್ಷರದಲ್ಲಿ ಕೈ ಬದಲಾಗಿವೆ. ಯಾರ ವ್ಯವಹಾರಕ್ಕೂ ನಾನು ತಲೆ ಕೆಡಿಸಿಕೊಂಡವನಲ್ಲ. ಬರೆದೆ, ಸಹಿ ಹಾಕಿಸಿದೆ, ನನ್ನ ಕೂಲಿ ಈಸಿಕೊಂಡೆ, ಮುಗಿಯಿತು. ಭೀಮಗೊಂಡನ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಆ ಪುಣ್ಯಾತ್ಮ ಹದಿಮೂರು ವರ್ಷ ನನಗೆ ಸಿಟ್ಟು ಬರಿಸಿದ. ಈಗ ನೆನೆಸಿಕೊಂಡರೂ ಬರುತ್ತದೆ.

ಅವನು ದಿಗ್ಗೇವಾಡಿಯ ಜೈನ ಒಕ್ಕಲುತನದ ಮನೆಯವನು. ಅಣ್ಣನೊಡನೆ ಪಾಲಾದಾಗ ಹೊಲದ ಬದಲು ರೊಕ್ಕ ಇಸಿದುಕೊಂಡು ಚಿಕ್ಕೋಡಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ. ಜಾಗ ಬಾಡಿಗೆಯದು. ಗಿರಣಿಯ ಹಿಂದೆ ಎರಡು ಖೋಲಿ, ಅವೇ ಸಂಸಾರಕ್ಕೆ. ಹೆಂಡತಿ ಸುಗಂಧಾ, ಇಬ್ಬರು ಹೆಣ್ಣುಮಕ್ಕಳು. ಆ ಖೋಲಿಗಳಲ್ಲಿ ಹಿಟ್ಟು ಕೂರದ ವಸ್ತುವೇ ಇರಲಿಲ್ಲ. ದಿಂಬು ಕೊಡವಿದರೆ ಹಿಟ್ಟು, ಮಕ್ಕಳ ಪಾಟಿಚೀಲ ತೆಗೆದರೆ ಹಿಟ್ಟು. ಬೆಳಗಿನಿಂದ ಸಂಜೆಯವರೆಗೆ ಗಿರಣಿಯ ಸದ್ದಿಗೆ ಆ ಮನೆಯವರೆಲ್ಲ ಕೂಗಿ ಮಾತಾಡಲು ಕಲಿತಿದ್ದರು. ಬಸದಿಯಲ್ಲೂ ಹಾಗೇ ಕೂಗಿ ಮಾತಾಡಿ ಬೈಸಿಕೊಳ್ಳುತ್ತಿದ್ದರು. ಸುಗಂಧಾಬಾಯಿಗೆ ಇದ್ದದ್ದು ಒಂದೇ ಆಸೆ. ಗಿರಣಿಯ ಸದ್ದು ಕೇಳಿಸದ ಕಡೆ ತನ್ನದೆಂಬ ಒಂದು ಮನೆ. ದೊಡ್ಡದು ಬೇಡ, ಎರಡೇ ಖೋಲಿ ಸಾಕು, ಆದರೆ ಸ್ವಂತದ್ದಿರಬೇಕು.

ಎಂಬತ್ತೈದರ ದೀಪಾವಳಿಗೆ ಮಿರಜದಿಂದ ಅವಳ ತಮ್ಮ ಉತ್ತಮ ಬಂದ. ಮಿರಜ, ಸಾಂಗ್ಲಿ ಕಡೆ ಪ್ಲಾಟು ಹಿಡಿದವರೆಲ್ಲ ಮೂರು ವರ್ಷದಲ್ಲಿ ಗಾಡಿ ತೆಗೆದುಕೊಂಡರು ಎಂದು ಫರಾಳ ತಿನ್ನುತ್ತಾ ಹೇಳಿ ಹೋದ. ಅವನು ಹೇಳಿದ್ದು ಅಷ್ಟೇ. ಭೀಮಗೊಂಡನಿಗೆ ಅಷ್ಟೇ ಸಾಕಾಯಿತು. ಹದಿನೈದು ದಿನಕ್ಕೆ ಅಂಕಲಿ ರಸ್ತೆಯಲ್ಲಿ ಎರಡು ಗುಂಟೆಯ ಪ್ಲಾಟು ಗೊತ್ತು ಮಾಡಿಕೊಂಡು ನನ್ನ ಮೇಜಿನ ಮುಂದೆ ಬಂದು ಕೂತ. ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಪತ್ರ ನೋಂದಣಿಯಾಗಿ ಹೊರಗೆ ಬಂದಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ಮುರಗೆಪ್ಪಣ್ಣಾ, ಇದರ ರೇಟ ಯಾವತ್ತಿಂದ ಏರಾಕ ಚಾಲೂ ಆಕ್ಕೈತ್ರಿ?"

ನಾನು ನಕ್ಕುಬಿಟ್ಟೆ. ಆಗ ನಗುವುದು ಸುಲಭವಿತ್ತು.

ಮರುವರ್ಷ ನಿಪ್ಪಾಣಿ ರಸ್ತೆಯಲ್ಲಿ ಇನ್ನೊಂದು ಹಿಡಿದ. ಅಣ್ಣ ಎಲ್ಲಿ ತಕರಾರು ತೆಗೆಯುತ್ತಾನೋ ಎಂದು ಅದನ್ನು ಹೆಂಡತಿಯ ಹೆಸರಿಗೆ ಬರೆಸಿದ. ಸುಗಂಧಾಬಾಯಿ ಸಹಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಮಾಡಿದಳು. "ಇದು ಮನಿ ಪ್ಲಾಟ," ಎಂದು ಭೀಮಗೊಂಡ ಎಲ್ಲರಿಗೂ ಕೇಳುವಂತೆ ಹೇಳಿದ. "ಇದನ್ನ ಮಾರೂ ಮಾತ ಇಲ್ಲ. ಇದರಾಗ ಮನಿ ಕಟ್ಟೋದು. ಆ ಅಂಕಲಿ ರೋಡಿಂದು ಧಂಧೆಕ್ಕ."

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಎಡವಟ್ಟಾದದ್ದು ಎಂಬತ್ತೇಳರ ಚಾತುರ್ಮಾಸದಲ್ಲಿ.

ಆ ವರ್ಷ ಊರಿನಲ್ಲಿ ಒಬ್ಬ ಮುನಿ ಮಹಾರಾಜರು ಮಳೆಗಾಲದ ನಾಲ್ಕು ತಿಂಗಳು ತಂಗಿದ್ದರು. ಅವರ ಪ್ರವಚನಕ್ಕೆ ನಮ್ಮಂಥ ಲಿಂಗಾಯತರೂ ಹೋಗಿ ಹಿಂದೆ ಕೂರುತ್ತಿದ್ದೆವು. ಒಂದು ದಿನ ಅವರು ಪರಿಗ್ರಹದ, ಅಂದರೆ ಆಸ್ತಿ ಕೂಡಿಡುವ ಆಸೆಯ ಬಗ್ಗೆ ಮಾತಾಡಿದರು. ಗೃಹಸ್ಥರು ಎಲ್ಲವನ್ನೂ ಬಿಡಲಾರರು, ಆದರೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು ಒಂದು ಗೆರೆಯನ್ನಾದರೂ ಹಾಕಿಕೊಳ್ಳಬಹುದು ಎಂದರು. ಕೊನೆಗೆ ನೇಮ ಹಿಡಿಯುವವರು ಏಳಿ ಎಂದರು. ಒಬ್ಬ ಬಟಾಟೆ ಬಿಟ್ಟ. ಒಬ್ಬಳು ಇನ್ನು ಹತ್ತೇ ಸೀರೆ ಎಂದಳು. ಐವತ್ತು ಎಕರೆ ದ್ರಾಕ್ಷಿ, ಕಬ್ಬಿನ ಧಣಿ ಆಬಾಸಾಹೇಬರು ಎದ್ದು ನಿಂತು ಚತುರ್ದಶಿಗೆ ಒಪ್ಪತ್ತು ಎಂದರು. ಭೀಮಗೊಂಡನ ಸರದಿ ಬಂತು. ಬಟಾಟೆ, ಉಳ್ಳಾಗಡ್ಡಿ, ರಾತ್ರಿ ಊಟ ಎಲ್ಲ ಅವನು ಹುಟ್ಟಿನಿಂದಲೇ ಬಿಟ್ಟವನು. ಹೊಸದಾಗಿ ಬಿಡಲು ಅವನ ಹತ್ತಿರ ಏನೂ ಇರಲಿಲ್ಲ. ಸುತ್ತ ನೋಡಿದ. ಆಬಾಸಾಹೇಬರು ಅವನನ್ನೇ ನೋಡುತ್ತಿದ್ದರು.

"ಇರೂ ಮನಿ ಒಂದು ಬಿಟ್ಟು," ಎಂದು ಗಿರಣಿಯ ದನಿಯಲ್ಲೇ ಕೂಗಿದ, "ಎರಡ ಪ್ಲಾಟಿಗಿಂತ ಹೆಚ್ಚು ಇಟಗೊಳ್ಳಂಗಿಲ್ರಿ. ನನ್ನ ಹೆಸರಲೇ ಇರಲಿ, ಹೆಂಡ್ತಿ ಮಕ್ಕಳ ಹೆಸರಲೇ ಇರಲಿ. ಉಸಿರಿರೂ ತನಕ."

ಸಭೆಗೆ ಸಭೆಯೇ ಜಯಕಾರ ಹಾಕಿತು. ಆಬಾಸಾಹೇಬರು ಎದ್ದು ಬಂದು ಕೈ ಹಿಡಿದರು. ದೊಡ್ಡವರು ಮಾಡಲಾಗದ್ದನ್ನು ಗಿರಣಿಯವನು ಮಾಡಿದ ಎಂದು ಎಂಟು ದಿನ ಪೇಟೆಯಲ್ಲಿ ಅದೇ ಮಾತು. ನಿಜ ಹೇಳಬೇಕೆಂದರೆ, ಎರಡಕ್ಕಿಂತ ಹೆಚ್ಚು ಪ್ಲಾಟು ತನ್ನ ಜನ್ಮದಲ್ಲಿ ಆಗುವುದಿಲ್ಲ ಎಂದುಕೊಂಡೇ ಅವನು ಆ ನೇಮ ಹಿಡಿದಿದ್ದ. ಧಂಧೆ ಶುರು ಮಾಡಿದ ಎರಡನೇ ವರ್ಷಕ್ಕೇ ತನ್ನ ಕೈಯನ್ನು ತಾನೇ ಕಟ್ಟಿಕೊಂಡು, ಅದಕ್ಕೆ ಹೂಮಾಲೆ ಬೇರೆ ಹಾಕಿಸಿಕೊಂಡಿದ್ದ.

ಮರುವರ್ಷವೇ ಕಾಲೇಜಿನ ಹಿಂದೆ ಅಗ್ಗದ ಪ್ಲಾಟೊಂದು ಬಂತು. ಗಿರಣಿ ಆ ವರ್ಷ ಚೆನ್ನಾಗಿ ನಡೆದಿತ್ತು, ಕೈಯಲ್ಲಿ ರೊಕ್ಕವಿತ್ತು. ನೇಮ ಅಡ್ಡ ಬಂತು. ಒಂದನ್ನು ಕೊಟ್ಟೇ ಇನ್ನೊಂದನ್ನು ಕೊಳ್ಳಬೇಕು. ಅಂಕಲಿ ರಸ್ತೆಯದನ್ನು ಅವಸರದಲ್ಲಿ ಮಾರಿದ. ಅವಸರದಲ್ಲಿ ಮಾರುವವನಿಗೆ ಯಾರು ರೇಟು ಕೊಡುತ್ತಾರೆ? ಕೊಂಡ ಬೆಲೆಯ ಮೇಲೆ ಚಿಲ್ಲರೆ ಸಿಕ್ಕಿತು. ಒಂದೂವರೆ ವರ್ಷಕ್ಕೆ ಅದರ ಪಕ್ಕ ಪೆಟ್ರೋಲ್ ಪಂಪು ಬಂದು ಅದರ ಬೆಲೆ ಐದು ಪಟ್ಟಾಯಿತು. ತೊಂಬತ್ತರಲ್ಲಿ ಕಾಲೇಜಿನ ಹಿಂದಿನದನ್ನು ಕೊಟ್ಟು ಇನ್ನೊಂದು ಕಡೆ ಹಿಡಿದ. ಕೊಟ್ಟ ಜಾಗದಲ್ಲಿ ದವಾಖಾನೆ ಎದ್ದಿತು. ಪ್ರತಿ ಸಲವೂ ಪತ್ರ ಬರೆದವನು ನಾನೇ. ಮಾರುವ ಪತ್ರ ಬೆಳಗ್ಗೆ, ಕೊಳ್ಳುವ ಪತ್ರ ಮಧ್ಯಾಹ್ನ. ಎರಡರ ನಡುವೆ ಅವನು ಕಚೇರಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ.

ಒಂದು ಸಲ ನನ್ನಿಂದ ತಡೆಯಲಾಗಲಿಲ್ಲ. "ಭೀಮಗೊಂಡ್ರ, ಮನಿ ಅಂತೂ ನಿಮ್ಮ ನೇಮದಾಗ ಬರಂಗಿಲ್ಲ. ನಿಪ್ಪಾಣಿ ರೋಡಿನ್ಯಾಗ ಮನಿ ಕಟ್ರಿ. ಅದು ಪ್ಲಾಟ ಅನಿಸ್ಕೊಳ್ಳಂಗಿಲ್ಲ, ಒಂದ ಜಾಗಾ ಖಾಲಿ ಆಕ್ಕೈತಿ. ಸುಗಂಧಾ ವೈನ್ಯಾರಿಗೂ ಮನಿ ಆತು."

"ಕಟ್ಟಾಕ ರೊಕ್ಕ ಎಲ್ಲೈತಿ ಅಣ್ಣಾ? ರೊಕ್ಕೆಲ್ಲಾ ಜಾಗಾದಾಗ ಕುಂತೈತಿ."

"ಹಂಗಾರ ಇನ್ನೊಂದ ಪ್ಲಾಟ ಮಾರಿ ಕಟ್ರಿ."

"ಏರೂ ಹೊತ್ತಿನ್ಯಾಗ ಯಾರರ ಮಾರತಾರೇನ್ರಿ?"

ಏರುವ ಮೊದಲೇ ಮಾರುತ್ತಾ ಬಂದವನು ನನಗೆ ಇದನ್ನು ಹೇಳಿದ! ನನಗೆ ಮೇಜಿನ ಮೇಲಿನ ಶಾಯಿ ದೌತಿ ತೆಗೆದು ಒಗೆಯಬೇಕು ಅನ್ನಿಸಿತು.

ಮತ್ತೊಂದು ಸಲ ಅವನೇ ಒಂದು ದಾರಿ ಹುಡುಕಿಕೊಂಡು ಬಂದ. ಮೂರನೆಯ ಪ್ಲಾಟನ್ನು ನನ್ನ ಹೆಸರಿನಲ್ಲಿ ಹಿಡಿಯುವುದು, ರೊಕ್ಕ ಅವನದು, ಹೆಸರಷ್ಟೇ ನನ್ನದು. ಹೂಂ ಎಂದೆ. ಅಂಥವು ನಮ್ಮ ಕಚೇರಿಯಲ್ಲಿ ದಿನಕ್ಕೆ ನಾಲ್ಕು ಆಗುತ್ತವೆ. ಮರುದಿನ ಬೆಳಿಗ್ಗೆ ನಾನು ಶೆಡ್ಡಿನ ಬೀಗ ತೆಗೆಯುವ ಮೊದಲೇ ಬಂದು ನಿಂತಿದ್ದ.

"ಬ್ಯಾಡ್ರಿ. ಜನಕ್ಕ ಗೊತ್ತಾಗಂಗಿಲ್ಲ ಖರೆ. ನನಗ ಗೊತ್ತಿರತೈತೆಲ್ಲಾ."

ಇದೇ ನೋಡಿ ಅವನ ಮೇಲೆ ಪೂರಾ ಸಿಟ್ಟಾಗಲೂ ಬಿಡದ ವಿಷಯ. ಮನುಷ್ಯ ಸುಳ್ಳನಾಗಿದ್ದರೆ ಸುಖವಾಗಿರುತ್ತಿದ್ದ. ಅವನ ಹೆಂಡತಿ ಅವನಿಗಿಂತ ಸುಖವಾಗಿರುತ್ತಿದ್ದಳು.

ತೊಂಬತ್ತೆರಡರಲ್ಲಿ, ಎಲ್ಲರೂ ಬೇಡವೆಂದರೂ, ತೊಂಬತ್ತರಲ್ಲಿ ಹಿಡಿದದ್ದನ್ನು ಕೊಟ್ಟು ಖಡಿ ಮಷೀನಿನ ಪಕ್ಕದ ಪ್ಲಾಟು ಹಿಡಿದ. ಕಲ್ಲು ಒಡೆಯುವ ಆ ಮಷೀನು ಆರು ತಿಂಗಳಲ್ಲಿ ಅಲ್ಲಿಂದ ಎದ್ದು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಮಷೀನು ಹೋಗಲಿಲ್ಲ. ಆ ಜಾಗವನ್ನು ನೋಡಲು ಬಂದವರು ಧೂಳು ನೋಡಿ ಗಾಡಿಯಿಂದ ಇಳಿಯದೆಯೇ ತಿರುಗಿಸಿಕೊಂಡು ಹೋದರು.

ತೊಂಬತ್ತನಾಲ್ಕರಲ್ಲಿ ಉತ್ತಮ ಮತ್ತೆ ಬಂದ. ಕಾಗವಾಡದಲ್ಲಿ ರಸ್ತೆಗೆ ಹಚ್ಚಿ ಜಾಗ ಸಿಗುತ್ತಿದೆ, ದ್ರಾಕ್ಷಿಯವರೆಲ್ಲ ಅಲ್ಲಿ ಗೋದಾಮು ಕಟ್ಟುತ್ತಾರೆ, ಈಗ ಬಿಟ್ಟರೆ ಮುಂದೆ ಕೈಗೆ ಸಿಗದು ಎಂದ. ಭೀಮಗೊಂಡನಿಗೆ ನಿದ್ದೆ ಹಾರಿತು. ಖಡಿ ಮಷೀನಿನ ಪ್ಲಾಟಿಗೆ ಗಿರಾಕಿ ಇಲ್ಲ. ಮೂರನೆಯದು ಹಿಡಿಯುವಂತಿಲ್ಲ. ಉಳಿದದ್ದು ನಿಪ್ಪಾಣಿ ರಸ್ತೆಯದೊಂದೇ, ಮಾರುವ ಮಾತೇ ಇಲ್ಲ ಎಂದಿದ್ದ ಮನೆ ಪ್ಲಾಟು. ಅದನ್ನು ಆಬಾಸಾಹೇಬರಿಗೆ ಕೊಡುವುದೆಂದು ಮಾತಾಡಿಕೊಂಡು ಬಂದುಬಿಟ್ಟ. ಸುಗಂಧಾಬಾಯಿಗೆ ಹೇಳಿದ್ದು ಆಮೇಲೆ. "ಶುಕ್ರವಾರ ಸಹಿಗೆ ಬರಬೇಕಾಕ್ಕೈತಿ," ಎಂದಷ್ಟೇ ಹೇಳಿದನಂತೆ.

ಮಂಗಳವಾರ ಮಧ್ಯಾಹ್ನ ಅವಳು ಒಬ್ಬಳೇ ನನ್ನ ಶೆಡ್ಡಿಗೆ ಬಂದಳು. ಹಿಂದಿನಿಂದ ಒಬ್ಬ ಮುದುಕಿ, ಹಳೆ ಪೇಟೆಯ ಕೆಂಪವ್ವ. ಮಗ ಅಥಣಿಯಲ್ಲಿ ಇದ್ದಾನೆ, ಅವನ ಹತ್ತಿರ ಹೋಗುತ್ತಿದ್ದೇನೆ, ಮನೆ ಮಾರುವುದಿದೆ ಎಂದು ಆಕೆ ತಿಂಗಳಿಂದ ಹೇಳಿಕೊಂಡು ತಿರುಗುತ್ತಿದ್ದಳು.

"ಅಣ್ಣಾರ," ಎಂದಳು ಸುಗಂಧಾಬಾಯಿ, "ನಿಪ್ಪಾಣಿ ರೋಡಿನ ಪ್ಲಾಟಿನ ರೊಕ್ಕ ರಜಿಸ್ಟ್ರಾರ ಸಾಹೇಬ್ರ ಮುಂದ ಯಾರ ಕೈಯಾಗ ಕೊಡತಾರ್ರಿ?"

"ಬರದ ಕೊಡಾವ್ರ ನೀವು. ನಿಮ್ಮ ಕೈಯಾಗ."

"ಹಂಗಾರ ಶುಕ್ರವಾರ ಇನ್ನೊಂದ ಪತ್ರಾ ತಯಾರ ಇಡ್ರಿ. ಕೆಂಪವ್ವನ ಮನಿದು. ನಾನು ತೊಗೊಳ್ಳಾಕಿ. ಎರಡ ಖೋಲಿ, ಹಿಂದ ಒಂದ ಪಡಸಾಲಿ. ಮನಿ ನೇಮದಾಗ ಬರಂಗಿಲ್ಲ, ನಾ ಮಹಾರಾಜರ ಮುಂದ ಕಿವಿಲೇ ಕೇಳೇನಿ."

ಭೀಮಗೊಂಡನಿಗೆ ನಾನು ಹೇಳಬೇಕಿತ್ತೇನೋ. ಅವನು ನನ್ನ ಗಿರಾಕಿ, ಗೆಳೆಯ. ಹೇಳಲಿಲ್ಲ. ಅಂದು ಸಂಜೆ ಆ ಪತ್ರವನ್ನು ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದೆ.

ಶುಕ್ರವಾರ ಆಬಾಸಾಹೇಬರು ರೊಕ್ಕದ ಗಂಟನ್ನು ಅವಳ ಕೈಗೆ ಕೊಟ್ಟರು. ಭೀಮಗೊಂಡ ಪಕ್ಕದಲ್ಲೇ ನಿಂತು ಕೈ ಚಾಚಿದ. ಅವಳು ಗಂಟನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಬಾಗಿಲ ಹತ್ತಿರ ಕೂತಿದ್ದ ಕೆಂಪವ್ವನನ್ನು ಕರೆದಳು. ನಾನು ಎರಡನೆಯ ಪತ್ರವನ್ನು ಮೇಜಿನ ಮೇಲಿಟ್ಟೆ. ಆಬಾಸಾಹೇಬರು ಓದಿ ನೋಡಿ, "ಅರೆ ವಾ! ಭೀಮಗೊಂಡ, ಕಡೀಕೂ ಹೆಂಡ್ತಿಗಿ ಮನಿ ಕೊಡಸಿದಿ ನೋಡು," ಎಂದು ಬೆನ್ನು ಚಪ್ಪರಿಸಿದರು. ಇನ್ನು ಅವನು ಏನು ಹೇಳಿಯಾನು? ಹೂಂ ಎಂದ. ಕಾಗವಾಡದ ಜಾಗ ಬೇರೆಯವರ ಪಾಲಾಯಿತು. ನನ್ನೊಡನೆ ಎಂಟು ತಿಂಗಳು ಮಾತು ಬಿಟ್ಟ. ಎದುರಿಗೆ ಸಿಕ್ಕರೆ ಸೈಕಲ್ಲಿನಿಂದ ಇಳಿಯದೆ ಹೋಗುತ್ತಿದ್ದ.

ಮಾತು ಶುರುವಾದ ಮೇಲೆ ಅದೇ ಪುರಾಣ. ಕಾಗವಾಡದ್ದು ಈಗ ಇಷ್ಟಾಗಿದೆ, ನಿಪ್ಪಾಣಿ ರಸ್ತೆಯದು ಇಷ್ಟಾಗಿದೆ. ಸುಗಂಧಾಬಾಯಿ ಮಾತ್ರ ಮನೆಗೆ ಸುಣ್ಣ ಹೊಡೆಸಿ, ಹಿತ್ತಲಲ್ಲಿ ತುಳಸಿ ಹಚ್ಚಿ, ಮೆಲ್ಲಗೆ ಮಾತಾಡಲು ಕಲಿತಿದ್ದಳು. ಆ ಮನೆಗೆ ಹೋದವರೆಲ್ಲ ಅದನ್ನು ಗಮನಿಸಿದರು. ಗಮನಿಸದವನು ಅವನೊಬ್ಬನೇ.

ತೊಂಬತ್ತೆಂಟರಲ್ಲಿ ಹಳೆ ಪೇಟೆಯ ರಸ್ತೆ ಅಗಲವಾಯಿತು. ಹಿಂದಿನ ಓಣಿಯಲ್ಲಿದ್ದ ಅವಳ ಮನೆ ನೇರ ರಸ್ತೆಗೆ ಬಂತು. ಒಂದು ಪತ್ತಿನ ಸಂಘದವರು ಶಾಖೆ ತೆರೆಯಲು ಅದನ್ನೇ ಕೇಳಿದರು. ಅವರು ಹೇಳಿದ ಬೆಲೆ ಕೇಳಿದ ಮರುದಿನ ಭೀಮಗೊಂಡ ಗಿರಣಿ ಬಂದ್ ಮಾಡಿ ನನ್ನ ಹತ್ತಿರ ಓಡಿ ಬಂದ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ಕೈಯಲ್ಲಿದ್ದದ್ದು ಏರಿತ್ತು. ಏರಿದ್ದು ಅವನು ಕೊಳ್ಳದೇ ಇದ್ದ ಮನೆ.

"ನಾಳೆ ಮನೀಗಿ ಬರ್ರಿ, ಅಲ್ಲೇ ಕುಂತ ಪತ್ರಾ ಬರಿಯೂಣು," ಎಂದ. "ಸಂಚಕಾರ ಇಸ್ಕೊಂಡೇನಿ. ಅದನ್ನ ಅಲ್ಲೇ ಒಂದ ಹೊಸಾ ಪ್ಲಾಟಿಗೆ ಸಂಚಕಾರ ಕೊಟ್ಟೂ ಬಂದೇನಿ."

ಸಂಚಕಾರವೆಂದರೆ ಮಾತು ಗಟ್ಟಿ ಮಾಡಲು ಕೊಡುವ ಮುಂಗಡ. ಕೊಳ್ಳುವವನು ಹಿಂದೆ ಸರಿದರೆ ಮುಳುಗಿತು. ಮಾರುವವನು ಸರಿದರೆ ದುಪ್ಪಟ್ಟು ತಿರುಗಿ ಕೊಡಬೇಕು. ನಮ್ಮ ಕಡೆಯ ರಿವಾಜು ಅದು.

"ವೈನ್ಯಾರನ್ನ ಕೇಳೀರೇನ್ರಿ?"

"ಕೇಳೋದೇನು? ನಿನ್ನಿ ರಾತ್ರಿ ಹೇಳೇನಿ. ಒಂದ ವರ್ಷ ಗಿರಣಿ ಹಿಂದ ಇದ್ರಾತು. ಆಮ್ಯಾಲ ದೊಡ್ಡ ಮನೀನ ಕಟ್ಟೂಣು."

ನನ್ನ ಮೈ ಉರಿಯಿತು. ಆದರೂ ಹೋದೆ, ಅದು ನನ್ನ ಕಸುಬು. ಸುಗಂಧಾಬಾಯಿ ಇಬ್ಬರಿಗೂ ಚಹಾ ತಂದಿಟ್ಟಳು. ನಾನು ಕಾಗದ ತೆಗೆದೆ. ಅವಳು ಗೋಡೆಗೆ ಒರಗಿ ನಿಂತಳು.

"ಅಣ್ಣಾರ, ಬರೀಬ್ಯಾಡ್ರಿ. ಮುಂಜಾನೆ ಬಸದಿಗೆ ಹೋಗಿದ್ನಿ. ಮಹಾರಾಜರು ವಿಹಾರ ಮಾಡ್ಕೋತ ಊರಿಗೆ ಬಂದಾರ. ಅವರ ಮುಂದ ನೇಮ ತೊಗೊಂಡೇನಿ. ಈ ಮನಿ ಮಾರೂ ಕಾಗದಕ್ಕ ಸಹಿ ಮಾಡಂಗಿಲ್ಲ. ಉಸಿರಿರೂ ತನಕ."

ಭೀಮಗೊಂಡನ ಕೈಯಲ್ಲಿನ ಬಸಿಯಿಂದ ಚಹಾ ಧೋತರದ ಮೇಲೆ ಚೆಲ್ಲಿತು. ಅವನು ಕೆಳಗೆ ನೋಡಲೂ ಇಲ್ಲ.

"ಹುಚ್ಚ ಹಿಡದೈತೇನು ನಿನಗ? ಸಂಚಕಾರ ಇಸ್ಕೊಂಡೇನಿ! ದುಪ್ಪಟ್ಟ ಕೊಡಬೇಕಾಕ್ಕೈತಿ, ಗೊತ್ತೈತೇನು?"

"ನನ್ನ ಕೇಳಿ ಇಸ್ಕೊಂಡ್ರೇನು?"

ಅವನು ನನ್ನ ಕಡೆ ತಿರುಗಿದ. "ಮುರಗೆಪ್ಪಣ್ಣಾ, ಕಾಯದೇದಾಗ ಏನರ ದಾರಿ?"

"ಕಾಯದೇದಾಗ ಏನೂ ಅಡ್ಡಿ ಇಲ್ಲ. ಅವರ ಮನಿ, ಅವರ ಸಹಿ ಮಾಡಬೇಕು, ಅಷ್ಟ."

ಅವನು ದನಿ ತಗ್ಗಿಸಿದ. ಆ ಮನೆಯಲ್ಲಿ ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ. "ನೋಡು, ಮಹಾರಾಜರ ಕಡೆ ಹೋಗೂಣು. ಗೊತ್ತಿಲ್ದ ಹಿಡದಿದ್ನಿ ಅನ್ನು. ಪ್ರಾಯಶ್ಚಿತ್ತ ಕೊಡತಾರ. ಎರಡ ಉಪಾಸ ಮಾಡಿದ್ರ ಮುಗೀತು."

ಸುಗಂಧಾಬಾಯಿ ಗೋಡೆ ಬಿಟ್ಟು ಮುಂದೆ ಬಂದಳು. ಅವಳ ಕಣ್ಣು ತುಂಬಿದ್ದವು. ದನಿ ಮಾತ್ರ ನಡುಗಲಿಲ್ಲ.

"ನೀವು ಎಂದರ ಎರಡ ಉಪಾಸ ಮಾಡಿ ಮೂರನೇ ಪ್ಲಾಟ ಹಿಡದ್ರೇನು? ಏಳ ವರ್ಷ ನಾ ಹಿಟ್ಟಿನಾಗ ಕುಂತು ನಿಮ್ಮ ನೇಮಾ ಕಾಯ್ದೇನಿ. ಬಿಡ್ರಿ ಅಂತ ಒಂದ ದಿನಾ ಅಂದಿಲ್ಲ. ಈಗ ನನ್ನ ನೇಮಾ ನೀವು ಕಾಯ್ರಿ."

ಊರಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಹೊಡೆಯುತ್ತಿದ್ದರು, ತವರಿನವರನ್ನು ಕರೆಸುತ್ತಿದ್ದರು. ನೇಮ ಎಂದಮೇಲೆ ಭೀಮಗೊಂಡನಿಗೆ ಏನೂ ಮಾಡುವಂತಿರಲಿಲ್ಲ. ಅವನು ತಲೆ ಬಗ್ಗಿಸಿ ನನ್ನ ಕಾಗದಗಳನ್ನು ತಾನೇ ಜೋಡಿಸಿ ನನ್ನ ಚೀಲದೊಳಗೆ ಇಟ್ಟ. ನಾನು ಆ ಹೊತ್ತು ಅವನ ಬಗ್ಗೆ ಮರುಗಿದೆ, ಅವಳ ಬಗ್ಗೆ ಖುಷಿಪಟ್ಟೆ. ಎರಡೂ ಒಟ್ಟಿಗೇ ಬಂದವು.

ಹೊಸ ಪ್ಲಾಟಿಗೆ ಕೊಟ್ಟ ಸಂಚಕಾರ ಮುಳುಗಿತು. ಪತ್ತಿನ ಸಂಘಕ್ಕೆ ದುಪ್ಪಟ್ಟು ಕೊಡಬೇಕಾಯಿತು. ಖಡಿ ಮಷೀನಿನ ಪಕ್ಕದ ಪ್ಲಾಟನ್ನು, ಬೇರೆ ಯಾರೂ ಕೇಳದ್ದನ್ನು, ಮಷೀನಿನ ಮಾಲೀಕ ಅಪ್ಪಾಸಾಬನೇ ಖಡಿ ಸುರಿಯಲಿಕ್ಕೆಂದು ಕೊಂಡ. ಕೊಂಡ ಬೆಲೆಗಿಂತ ಕಡಿಮೆಗೆ. ಆ ಪತ್ರವನ್ನೂ ನಾನೇ ಬರೆದೆ, ಕೂಲಿ ತೆಗೆದುಕೊಳ್ಳಲಿಲ್ಲ. ಸಹಿ ಮಾಡಿ ರೊಕ್ಕ ಇಸಿದುಕೊಂಡು, ಅಲ್ಲೇ ಕಾಯುತ್ತಿದ್ದ ಸಂಘದವನ ಕೈಗೆ ಅದನ್ನು ಕೊಟ್ಟು, ಭೀಮಗೊಂಡ ಬಂದು ನನ್ನ ಬೆಂಚಿನ ಮೇಲೆ ಕೂತ. ಹದಿಮೂರು ವರ್ಷದ ಓಡಾಟ ಮುಗಿದು, ಅವನ ಹೆಸರಿನಲ್ಲಿ ಒಂದು ಅಡಿ ನೆಲವೂ ಉಳಿದಿರಲಿಲ್ಲ. ಅವನಿಗೆ ಸಮಾಧಾನ ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಣ್ಣಾ, ನೇಮದಾಗ ಈಗ ಎರಡೂ ಜಾಗಾ ಖಾಲಿ ಆದವು ನೋಡ್ರಿ. ರಾಯಬಾಗ ಕಡೆ ಒಂದ ಚಲೋ ಪ್ಲಾಟ ಐತಂತ."

"ರೊಕ್ಕ ಎಲ್ಲೈತ್ರಿ?" ಎಂದು ನಾನು ಕಿರುಚಿಯೇಬಿಟ್ಟೆ. ಕಚೇರಿಯ ಜವಾನ ಹೊರಗೆ ಬಂದು ನೋಡಿದ.

"ಅದೊಂದ ಇಲ್ಲ," ಎಂದ ಭೀಮಗೊಂಡ.